ಸಂಬಳವಿಲ್ಲದ ಗ್ರಂಥಪಾಲಕ ಹುದ್ದೆ: ಕೀನ್ಯಾದ ಮಿಷನ್ ಶಾಲೆಗೆ ಹೊರಡುವ ಮುನ್ನ

ಪ್ರಶ್ನೆ: ನಾನು ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, ಒಂಬತ್ತು ವರ್ಷಗಳಿಂದ ಒಂದು ಖಾಸಗಿ ಶಾಲೆಯಲ್ಲಿ ಗ್ರಂಥಪಾಲಕಿಯಾಗಿದ್ದೇನೆ. ವಯಸ್ಸು 34, ಅವಿವಾಹಿತೆ, ಸಿಎಸ್‌ಐ (ದಕ್ಷಿಣ ಭಾರತ ಚರ್ಚ್) ಸಭೆಯ ಸದಸ್ಯೆ. ಕೀನ್ಯಾದ ಕಿಜಾಬೆಯಲ್ಲಿರುವ ರಿಫ್ಟ್ ವ್ಯಾಲಿ ಅಕಾಡೆಮಿಯಂಥ ಮಿಷನರಿ ಮಕ್ಕಳ ವಸತಿಶಾಲೆಗಳಲ್ಲಿ ಗ್ರಂಥಪಾಲಕರಾಗಿ ಸೇವೆ ಸಲ್ಲಿಸಬಹುದೆಂದು ನಮ್ಮ ಸಭೆಗೆ ಬಂದಿದ್ದ ಅತಿಥಿಯೊಬ್ಬರು ಹೇಳಿದರು. ಸಂಬಳವಿಲ್ಲ, ಖರ್ಚಿನ ಹಣವನ್ನು ನಾವೇ ಬೆಂಬಲಿಗರಿಂದ ಹೊಂದಿಸಿಕೊಳ್ಳಬೇಕಂತೆ. ಪುಸ್ತಕಕ್ಕೆ ನಂಬರ್ ಹಾಕುವುದು ಮಿಷನರಿ ಕೆಲಸ ಹೇಗಾಗುತ್ತದೆ ಎಂದು ಮನೆಯವರು ಕೇಳುತ್ತಾರೆ. ನಾನು ಹೋಗಬಹುದೇ? ಹೋಗುವುದಾದರೆ ಎಷ್ಟು ವರ್ಷಕ್ಕೆ ಒಪ್ಪಬೇಕು?

ಉತ್ತರ: ಮನೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಸಂಶಯ ಅವರೊಬ್ಬರದಲ್ಲ. ಪೂರ್ವ ಆಫ್ರಿಕದ ಇಂಥದೇ ಒಂದು ವಸತಿಶಾಲೆಯಲ್ಲಿ ನಾನು ನಾಲ್ಕು ವರ್ಷ ಗ್ರಂಥಪಾಲಕನಾಗಿದ್ದಾಗ, ಊರಿಗೆ ಬಂದಾಗಲೆಲ್ಲ ನನ್ನನ್ನು ಕಳಿಸಿದ ಸಭೆಯ ಹಿರಿಯರು "ಈ ವರ್ಷದ ಫಲವೇನು?" ಎಂದು ಕೇಳುತ್ತಿದ್ದರು, ಎರವಲು ಹೋದ ಪುಸ್ತಕಗಳ ಲೆಕ್ಕ ಹೇಳುವುದಲ್ಲದೆ ನನ್ನ ಬಳಿ ಬೇರೆ ಉತ್ತರವಿರುತ್ತಿರಲಿಲ್ಲ.

ಈ ಶಾಲೆಗಳು ಏಕೆ ಹುಟ್ಟಿದವು ಎಂಬುದನ್ನು ಮನೆಯವರಿಗೆ ಹೇಳಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂದರೆ ನಮಗೆ ಮುದ್ರಣಾಲಯ, ಹೆಂಚಿನ ಕಾರ್ಖಾನೆ, 1843ರ ಮಂಗಳೂರು ಸಮಾಚಾರ, 1894ರ ಕಿಟ್ಟೆಲ್ ನಿಘಂಟು ನೆನಪಾಗುತ್ತವೆ. ಆ ಮಿಷನರಿಗಳ ಮಕ್ಕಳು ಏನಾದರು ಎಂದು ನಾವು ಕೇಳುವುದು ಕಡಿಮೆ. ಎಳೆಯ ವಯಸ್ಸಿನಲ್ಲೇ ಅವರನ್ನು ಯುರೋಪಿಗೆ ಕಳಿಸುವುದು ವಾಡಿಕೆಯಾಗಿತ್ತು. ಮತ್ತೆ ತಂದೆತಾಯಿಯ ಮುಖ ನೋಡುವುದು ಎಷ್ಟೋ ವರ್ಷಗಳ ಮೇಲೆ. ಮಲಯಾಳ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಹೀಗೆಯೇ ಯುರೋಪಿನಲ್ಲಿ ಉಳಿದುಹೋದ ಮಗು. ಮುಂದೆ ಆಕೆಯೇ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದರು. ಇಂಥ ಅಗಲಿಕೆಯನ್ನು ಕಡಿಮೆ ಮಾಡಲೆಂದೇ ಮಿಷನ್‌ಗಳು ತಾವಿದ್ದ ಕಡೆಗಳಲ್ಲೇ ಶಾಲೆ ತೆರೆಯತೊಡಗಿದವು. ಚೀನಾ ಇನ್‌ಲ್ಯಾಂಡ್ ಮಿಷನ್ 1881ರಲ್ಲಿ ಚೀನಾದ ಚೀಫೂವಿನಲ್ಲಿ, ಅಮೆರಿಕದ ಮಿಷನರಿಗಳು 1901ರಲ್ಲಿ ಕೊಡೈಕೆನಾಲಿನಲ್ಲಿ, ಆಫ್ರಿಕಾ ಇನ್‌ಲ್ಯಾಂಡ್ ಮಿಷನ್ 1906ರಲ್ಲಿ ಕಿಜಾಬೆಯಲ್ಲಿ ಶಾಲೆ ಆರಂಭಿಸಿದವು. ಕಿಜಾಬೆ ಎಂದರೆ ಮಸಾಯ್ ಮಾತಿನಲ್ಲಿ ಗಾಳಿಯ ಜಾಗ. ರಿಫ್ಟ್ ಕಣಿವೆಯ ಅಂಚಿನಲ್ಲಿ, ಸುಮಾರು 2,200 ಮೀಟರ್ ಎತ್ತರದಲ್ಲಿರುವ ಆ ಊರು ಹವೆಯಲ್ಲೂ ಎತ್ತರದಲ್ಲೂ ಕೊಡೈಕೆನಾಲಿಗೆ ಹತ್ತಿರವಾದದ್ದು. ಅಲ್ಲಿನ ಹಳೆಯ ಕಟ್ಟಡ ಕಿಯಾಂಬೋಗೋವಿಗೆ 1909ರಲ್ಲಿ ಮೂಲೆಗಲ್ಲು ಇಟ್ಟವರು, ಆಗ ತಾನೇ ಅಧ್ಯಕ್ಷ ಪದವಿಯಿಂದ ಇಳಿದು ಬೇಟೆಗೆ ಬಂದಿದ್ದ ಥಿಯೋಡರ್ ರೂಸ್‌ವೆಲ್ಟ್.

ಮಕ್ಕಳಿಗೆ ಶಾಲೆಯಿದ್ದರೆ ತಂದೆತಾಯಿ ಆಸ್ಪತ್ರೆಯಲ್ಲೋ ಬೈಬಲ್ ಅನುವಾದದಲ್ಲೋ ನಿಶ್ಚಿಂತೆಯಿಂದ ಮುಂದುವರಿಯುತ್ತಾರೆ, ಆದ್ದರಿಂದ ಶಾಲೆಯ ಗ್ರಂಥಪಾಲಕನೂ ಮಿಷನರಿಯೇ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಸುಳ್ಳಲ್ಲ, ಆದರೆ ನನಗೆ ಅದು ಸಾಕೆನಿಸಿಲ್ಲ. ಮಗುವನ್ನು ದೊಡ್ಡವರ ಕೆಲಸಕ್ಕೆ ಅನುಕೂಲವಾಗಿ ಇಟ್ಟುಕೊಂಡ ಹಾಗಾಗುತ್ತದೆ. ನಮ್ಮ ಶಾಲೆಯಲ್ಲಿ ಮೂರು ತಿಂಗಳು ತರಗತಿ, ಒಂದು ತಿಂಗಳು ರಜೆ. ರಿಫ್ಟ್ ವ್ಯಾಲಿಯಲ್ಲೂ ವರ್ಷವನ್ನು ಹೀಗೆಯೇ ಮೂರು ಅವಧಿಗಳಾಗಿ ಹಂಚಿದ್ದಾರೆ. ತಂದೆತಾಯಿ ದಕ್ಷಿಣ ಸುಡಾನಿನಲ್ಲಿದ್ದ ಹನ್ನೊಂದು ವರ್ಷದ ಹುಡುಗನೊಬ್ಬ ಪ್ರತಿ ಅವಧಿಯ ಮೊದಲ ಸಂಜೆ, ಪೆಟ್ಟಿಗೆಯನ್ನು ವಸತಿಗೃಹದಲ್ಲಿಟ್ಟವನೇ ಗ್ರಂಥಾಲಯಕ್ಕೆ ಬರುತ್ತಿದ್ದ. ಪುಸ್ತಕ ಕೇಳುತ್ತಿರಲಿಲ್ಲ. ಕಿಟಕಿಯ ಪಕ್ಕದ ಮೂರನೇ ಕಪಾಟಿಗೆ ಹೋಗಿ, ಹಡಗುಗಳ ಬಗೆಗಿನ ದಪ್ಪ ಪುಸ್ತಕವೊಂದನ್ನು ಎಳೆದು, ಹಿಂದಿನ ಸಲ ತಾನು ಒಳಗಿಟ್ಟು ಹೋದ ಬಸ್ ಟಿಕೆಟ್ ಅದೇ ಪುಟದಲ್ಲಿದೆಯೇ ಎಂದು ನೋಡಿ, ಮತ್ತೆ ಅಲ್ಲೇ ಸೇರಿಸಿ ಹೊರಟುಬಿಡುತ್ತಿದ್ದ. ಮೂರನೇ ಸಲ ನನಗೆ ಅರ್ಥವಾಯಿತು. ಆ ವರ್ಷ ನಾನು ಕಪಾಟುಗಳ ಜಾಗ ಬದಲಿಸಬೇಕೆಂದಿದ್ದೆ, ಬದಲಿಸಲಿಲ್ಲ. ತಂದೆತಾಯಿಯ ದೇಶವೂ ತಾವಿರುವ ದೇಶವೂ ಪೂರ್ತಿ ತಮ್ಮದಾಗದ ಇಂಥ ಮಕ್ಕಳಿಗೆ 'ಮೂರನೇ ಸಂಸ್ಕೃತಿಯ ಮಕ್ಕಳು' ಎಂದು ಹೆಸರಿಟ್ಟವರು ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್. 1950ರ ದಶಕದಲ್ಲಿ ಅವರು ಅಧ್ಯಯನ ಮಾಡಿದ್ದು ಭಾರತದಲ್ಲಿದ್ದ ಅಮೆರಿಕನ್ನರನ್ನೇ. ಪುಸ್ತಕಕ್ಕೆ ನಂಬರ್ ಹಾಕುವುದರಲ್ಲಿ ಸೇವೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಈ ಹುಡುಗನನ್ನು ತೋರಿಸುತ್ತೇನೆ. ಇಟ್ಟ ಪುಸ್ತಕ ಇಟ್ಟ ಜಾಗದಲ್ಲಿ ಸಿಗಬೇಕಾದರೆ ಯಾರೋ ಒಬ್ಬರು ಅದಕ್ಕೆ ನಂಬರ್ ಹಾಕಿರಲೇಬೇಕು.

ಇನ್ನು ನಿಮ್ಮ ಪ್ರಶ್ನೆ. ದೇವರ ಕರೆ ನಿಮಗಿದೆಯೋ ಇಲ್ಲವೋ ಎಂಬುದು ನೀವೂ ನಿಮ್ಮ ಸಭೆಯೂ ತೀರ್ಮಾನಿಸಬೇಕಾದ ವಿಷಯ, ನಾನು ಅದರೊಳಗೆ ಬರುವುದಿಲ್ಲ. ನಾನು ಪರೀಕ್ಷಿಸಿ ನೋಡಿ ಎನ್ನುವುದು ಹುದ್ದೆಯನ್ನು. ಆ ಶಾಲೆಗೆ ಬೇಕಾಗಿರುವುದು ಗ್ರಂಥಪಾಲಕಿಯೋ, ಅಥವಾ ಬೀಗದ ಕೈ ಇಟ್ಟುಕೊಂಡು ಕೂರುವ, ಶಿಕ್ಷಕರು ರಜೆಯಲ್ಲಿದ್ದಾಗ ತರಗತಿ ನೋಡಿಕೊಳ್ಳುವ, ಸಂಜೆ ವಸತಿಗೃಹದ ಪಾಳಿಗೂ ಒದಗುವ ಒಂದು ಕೈಯೋ? ಜನ ಕಡಿಮೆಯಿರುವ ಶಾಲೆಗಳಲ್ಲಿ ಎರಡನೆಯದೇ ಹೆಚ್ಚು, ಮತ್ತು ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಾಗಾಗಿ ಪತ್ರವ್ಯವಹಾರದ ಎರಡನೇ ಪತ್ರದಲ್ಲೇ ಕೇಳಿಬಿಡಿ: ಪುಸ್ತಕ ಖರೀದಿಗೆ ಕಳೆದ ವರ್ಷ ಎಷ್ಟು ಹಣ ಕೊಟ್ಟಿರಿ, ಯಾವ ಪುಸ್ತಕ ಕೊಳ್ಳಬೇಕೆಂದು ಯಾರು ತೀರ್ಮಾನಿಸಿದರು, ಹಿಂದಿನ ಗ್ರಂಥಪಾಲಕರು ಎಷ್ಟು ಕಾಲ ಇದ್ದರು. ಮೂರಕ್ಕೂ ನೇರ ಉತ್ತರ ಬಂದರೆ ಮುಂದುವರಿಯಿರಿ. ಉತ್ತರದಲ್ಲಿ ಪ್ರಾರ್ಥನೆಯ ಮಾತಷ್ಟೇ ಇದ್ದು ಅಂಕಿ ಇಲ್ಲದಿದ್ದರೆ ಇನ್ನೊಮ್ಮೆ ಕೇಳಿ.

ಕೆಲಸದ ಸ್ವರೂಪವೂ ನಿಮಗೆ ಹೊಸದಾಗಿರುತ್ತದೆ. ನಮ್ಮ ಬಹುಪಾಲು ಶಾಲೆಗಳಲ್ಲಿ ಗ್ರಂಥಪಾಲಕರೆಂದರೆ ದಾಸ್ತಾನಿನ ಹೊಣೆಗಾರರು. ವರ್ಷಕ್ಕೊಮ್ಮೆ ಪರಿಗ್ರಹಣ ವಹಿಯನ್ನು (ಗ್ರಂಥಾಲಯಕ್ಕೆ ಸೇರಿದ ಪುಸ್ತಕಗಳ ದಾಖಲೆಯನ್ನು) ತೆರೆದು ಪುಸ್ತಕ ಎಣಿಸುತ್ತೇವೆ. ಕಳೆದುಹೋದದ್ದಕ್ಕೆ ನಮ್ಮನ್ನೇ ಕೇಳುತ್ತಾರೆಂಬ ಭಯಕ್ಕೆ ಒಳ್ಳೆಯ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಅಮೆರಿಕನ್ ಪಠ್ಯಕ್ರಮದ ಮಿಷನ್ ಶಾಲೆಗಳಲ್ಲಿ ಎಲ್ಲವೂ ತೆರೆದ ಕಪಾಟು, ಮತ್ತು ಗ್ರಂಥಪಾಲಕರು ಪಾಠ ಮಾಡುತ್ತಾರೆ. ಪುಟ್ಟ ಮಕ್ಕಳಿಗೆ ವಾರಕ್ಕೊಮ್ಮೆ ಕಥೆ ಓದಿ ಹೇಳಬೇಕು. ಹಿರಿಯ ತರಗತಿಗಳಿಗೆ ಆಕರ ಹುಡುಕುವುದು, ಅದು ನಂಬಲರ್ಹವೇ ಎಂದು ತೂಗಿನೋಡುವುದು, ಇನ್ನೊಬ್ಬರ ಬರಹವನ್ನು ಹೇಳದೆ ಎತ್ತಿಕೊಳ್ಳದಿರುವುದು ಇವನ್ನೆಲ್ಲ ಕಲಿಸಬೇಕು. ತಂತ್ರಾಂಶದ ಬಗ್ಗೆ ಹೆದರಬೇಡಿ. ಸೋಲ್, ಇ-ಗ್ರಂಥಾಲಯ, ಕೋಹಾ ಇವುಗಳಲ್ಲಿ ಒಂದು ಬಂದರೂ, ಪುಸ್ತಕದ ವಿವರಗಳನ್ನು ಗಣಕಕ್ಕೆ ತುಂಬುವ ಮಾರ್ಕ್ ದಾಖಲೆಯ ಕ್ಷೇತ್ರಗಳು ಕೈಗೆ ಹತ್ತಿದ್ದರೂ, ಅಲ್ಲಿನ ಯಾವ ತಂತ್ರಾಂಶವನ್ನೂ ಹದಿನೈದು ದಿನದಲ್ಲಿ ಕಲಿಯಬಹುದು. ಕಲಿಯಲು ಕಷ್ಟವಾಗುವುದು ಆರು ವರ್ಷದ ಇಪ್ಪತ್ತು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಇಂಗ್ಲಿಷಿನಲ್ಲಿ ಕಥೆ ಹೇಳಿ ನಗಿಸುವುದು. ಈಗಿರುವ ಶಾಲೆಯಲ್ಲೇ ಆರು ತಿಂಗಳು ಅದನ್ನು ಅಭ್ಯಾಸ ಮಾಡಿ.

ದಾನದ ಪುಸ್ತಕಗಳ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಮಿಷನ್ ಗ್ರಂಥಾಲಯಗಳು ಸೊರಗುವುದು ಪುಸ್ತಕದ ಕೊರತೆಯಿಂದಲ್ಲ, ಬೇಡದ ಪುಸ್ತಕದ ಹೊರೆಯಿಂದ. ದೂರದ ಸಭೆಗಳು ಪ್ರೀತಿಯಿಂದ ಪೆಟ್ಟಿಗೆ ತುಂಬಿ ಕಳಿಸುತ್ತವೆ. ನಾನು ಹೋದ ಮೊದಲ ತಿಂಗಳು ಬಂದ ಒಂದು ಪೆಟ್ಟಿಗೆಯಲ್ಲಿ ಒಂದೇ ಧ್ಯಾನಪುಸ್ತಕದ ಹದಿನಾಲ್ಕು ಪ್ರತಿ, ಐದು ಸಂಪುಟಗಳ ಬೈಬಲ್ ವ್ಯಾಖ್ಯಾನದಲ್ಲಿ ಎರಡನೆಯದು ಮತ್ತು ಐದನೆಯದು, ಇನ್ಯಾವುದೋ ದೇಶದ ಆದಾಯ ತೆರಿಗೆ ಕೈಪಿಡಿ, ಯಾರೋ ಅರ್ಧ ಬಿಡಿಸಿದ ಪದಬಂಧದ ಪುಸ್ತಕ ಇದ್ದವು. ಬಂದರಿನಿಂದ ಅದನ್ನು ಬಿಡಿಸಿಕೊಳ್ಳಲು ಶಾಲೆ ಕೊಟ್ಟ ಹಣದಲ್ಲಿ ನೈರೋಬಿಯ ಅಂಗಡಿಯಲ್ಲಿ ಹೊಸ ಪುಸ್ತಕಗಳನ್ನೇ ಕೊಳ್ಳಬಹುದಿತ್ತು. ದಾನಿಗಳ ಮನಸ್ಸು ನೋಯಬಾರದೆಂದು ಹಿಂದಿನವರು ಎಲ್ಲವನ್ನೂ ಕಪಾಟಿಗೆ ಸೇರಿಸಿದ್ದರು, ಮಕ್ಕಳು ಕಪಾಟಿನ ಬಳಿ ಸುಳಿಯುವುದನ್ನೇ ಬಿಟ್ಟಿದ್ದರು. ತಪ್ಪು ಮಾಹಿತಿ, ಹರಿದ ಸ್ಥಿತಿ, ಹಳತಾದ ಆವೃತ್ತಿ, ಯಾರಿಗೂ ಬೇಡದ್ದು, ಬೇರೆಡೆ ಸುಲಭವಾಗಿ ಸಿಗುವಂಥದ್ದು ಎಂಬ, ಪುಸ್ತಕ ತೆಗೆದುಹಾಕುವ ಅಳತೆಗೋಲುಗಳನ್ನು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಲ್ಲರು. ಕೈ ಬರುವುದಿಲ್ಲ ಅಷ್ಟೆ. ಎರಡು ವರ್ಷದಲ್ಲಿ ನಾನು ಸುಮಾರು ಕಾಲು ಭಾಗವನ್ನು ತೆಗೆದುಹಾಕಿದೆ, ಎರವಲು ಹೆಚ್ಚಾಯಿತು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲಿ ಬರೆದದ್ದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಪೆಟ್ಟಿಗೆಗಳ ಮುಂದೆ ಕುಳಿತಾಗ.

ಯಾವ ಪುಸ್ತಕ ಇರಬೇಕು, ಯಾವುದು ಇರಬಾರದು ಎಂಬ ಜಗಳ ಖಂಡಿತ ಬರುತ್ತದೆ. ಮಂತ್ರ ಮಾಟದ ಕಥೆಗಳು, ವಿಕಾಸವಾದ, ಹದಿಹರೆಯದ ಪ್ರೇಮ ಇವು ಮೂರು ಸಾಮಾನ್ಯ ರಣಭೂಮಿಗಳು. ಒಂದೇ ಶಾಲೆಯಲ್ಲಿ ಹತ್ತಾರು ಮಿಷನ್‌ಗಳ, ಹಲವು ದೇಶಗಳ ತಂದೆತಾಯಿಗಳಿರುವುದರಿಂದ ಒಬ್ಬರಿಗೆ ನಿರಪಾಯವಾದದ್ದು ಇನ್ನೊಬ್ಬರಿಗೆ ಪಾಪ. ಗ್ರಂಥಪಾಲಕಿ ಒಬ್ಬಳೇ ಎದ್ದು ನಿಂತು ವಾದಿಸುವ ಪರಿಸ್ಥಿತಿ ಬರಬಾರದು. ಆಯ್ಕೆಯ ನೀತಿ ಬರಹದಲ್ಲಿರಬೇಕು, ಆಡಳಿತ ಮಂಡಳಿ ಅದಕ್ಕೆ ಸಹಿ ಹಾಕಿರಬೇಕು, ಆಕ್ಷೇಪವಿರುವವರು ಪುಸ್ತಕವನ್ನು ಪೂರ್ತಿ ಓದಿ ನಮೂನೆ ತುಂಬಿಕೊಡಬೇಕು. ಪೂರ್ತಿ ಓದಬೇಕೆಂಬ ಒಂದು ಷರತ್ತಿನಿಂದಲೇ ಅರ್ಧ ಆಕ್ಷೇಪಗಳು ಕರಗುತ್ತವೆ.

ಇದಕ್ಕೆ ಹೊಂದಿದ ಇನ್ನೊಂದು ಸೂಕ್ಷ್ಮ ನಿಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಪುಸ್ತಕಗಳನ್ನು ವಿಷಯವಾರು ಅಂಕಿಗಳಲ್ಲಿ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಧರ್ಮಕ್ಕೆ ಮೀಸಲಾದ 200ರ ವರ್ಗದಲ್ಲಿ 220ರಿಂದ 280ರ ವರೆಗೆ ಕ್ರೈಸ್ತ ಧರ್ಮವೇ ಹರಡಿಕೊಂಡಿದೆ. ಲೋಕದ ಉಳಿದ ಧರ್ಮಗಳೆಲ್ಲ 290ರ ಒಂದು ಗೂಡಿನಲ್ಲಿ ಒತ್ತೊತ್ತಾಗಿ ಕುಳಿತಿವೆ, ಹಿಂದೂ ಧರ್ಮಕ್ಕೆ ಸಿಕ್ಕಿರುವುದು 294.5. ನಮ್ಮ ಶಾಲೆಯ ಆ ಜಾಗದಲ್ಲಿ ಮೂರು ಪುಸ್ತಕಗಳಿದ್ದವು, ಮೂರೂ ಹಿಂದೂ ಧರ್ಮವನ್ನು ಖಂಡಿಸಲು ಹೊರಗಿನವರು ಬರೆದವು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧಕ್ಕಾಗಿ ಅವನ್ನು ತೆಗೆದುಕೊಂಡು ಹೋಗಿ, ಮರುದಿನ ಹಿಂದಿರುಗಿಸಿ, "ನಿಮ್ಮ ಊರಿನ ಜನ ನಿಜವಾಗಿ ಹೀಗೆ ನಂಬುತ್ತಾರೆಯೇ?" ಎಂದು ಕೇಳಿದಳು. ನನ್ನ ಪಕ್ಕದ ಮನೆಯವರ ಮುಖ ನೆನಪಾಗಿ ನಾಚಿಕೆಯಾಯಿತು. ನಂಬುವವರೇ ಬರೆದ ನಾಲ್ಕು ಪುಸ್ತಕಗಳನ್ನು ಆ ವರ್ಷ ತರಿಸಿದೆ. ಕ್ರೈಸ್ತ ಶಾಲೆಯಲ್ಲಿ ಇವು ಏಕೆ ಎಂದು ಕೇಳಿದವರಿಗೆ, ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಎಂಬ ಆಜ್ಞೆ ಗ್ರಂಥಾಲಯಕ್ಕೂ ಅನ್ವಯಿಸುತ್ತದೆ ಎಂದು ಹೇಳಿದೆ. ಆಫ್ರಿಕದ ಲೇಖಕರ ಪುಸ್ತಕ ಮತ್ತು ಸ್ವಾಹಿಲಿ ಪುಸ್ತಕಗಳ ಕಪಾಟನ್ನೂ ಇದೇ ದೃಷ್ಟಿಯಿಂದ ನೋಡಿ. ಆಫ್ರಿಕದ ನೆಲದಲ್ಲಿರುವ ಶಾಲೆಯಲ್ಲಿ ಅದು ಎಷ್ಟೋ ಸಲ ಅತ್ಯಂತ ಚಿಕ್ಕ ಕಪಾಟಾಗಿರುತ್ತದೆ.

ಗ್ರಂಥಾಲಯದಲ್ಲಿ ಸ್ಥಳೀಯ ಸಹಾಯಕರು ಒಬ್ಬರಾದರೂ ಇರುತ್ತಾರೆ. ನಮ್ಮಲ್ಲಿದ್ದ ಕಿಕೂಯು ಬುಡಕಟ್ಟಿನ ಮಹಿಳೆ ಇಪ್ಪತ್ತು ವರ್ಷಗಳಲ್ಲಿ ಎಂಟು ಮಂದಿ ವಿದೇಶಿ ಗ್ರಂಥಪಾಲಕರನ್ನು ಕಂಡಿದ್ದರು, ಪ್ರತಿಯೊಬ್ಬರೂ ಬಂದ ಮೊದಲ ವರ್ಷ ವರ್ಗೀಕರಣ ಬದಲಿಸಿದ್ದರು. ನಾನೂ ಆರಂಭಿಸಿದೆ. ಅವರು ಏನೂ ಹೇಳದೆ ಹಳೆಯ ಬೆನ್ನುಚೀಟಿಗಳ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಒಂದೇ ಪುಸ್ತಕದ ನಾಲ್ಕು ಬೇರೆ ಬೇರೆ ನಂಬರುಗಳಿದ್ದವು. ಮೊದಲ ವರ್ಷ ಏನನ್ನೂ ಬದಲಿಸಬೇಡಿ, ಅಂಥವರ ಕೈಕೆಳಗೆ ಕಲಿಯಿರಿ.

ಈಗ ಹಣ. 1865ರಲ್ಲಿ ಹಡ್ಸನ್ ಟೇಲರ್ ಚೀನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದಾಗ ನಿಗದಿತ ಸಂಬಳದ ಭರವಸೆ ಇಲ್ಲವೆಂಬ ಪದ್ಧತಿ ನೆಲೆಯೂರಿತು. 1895ರಲ್ಲಿ ಹುಟ್ಟಿದ ಆಫ್ರಿಕಾ ಇನ್‌ಲ್ಯಾಂಡ್ ಮಿಷನ್ ಹಿಡಿದದ್ದೂ ಅದೇ ದಾರಿ. ಅಮೆರಿಕದ ಸಭೆಗಳಿಗೆ ಇದು ಒಗ್ಗಿಹೋಗಿದೆ. ನಮ್ಮಲ್ಲಿ ಪ್ರತಿ ತಿಂಗಳು ಕೊಡುತ್ತೇನೆಂದ ಹತ್ತು ಮಂದಿಯಲ್ಲಿ ಎರಡನೇ ವರ್ಷಕ್ಕೆ ಉಳಿಯುವವರು ಕಡಿಮೆ ಎಂಬುದು ನನ್ನ ಅನುಭವ. ಊಟ ವಸತಿಯ ಜೊತೆಗೆ ವೈದ್ಯಕೀಯ ವಿಮೆ, ತುರ್ತಾಗಿ ಊರಿಗೆ ಬರುವ ವಿಮಾನ ವೆಚ್ಚ, ನಿಂತುಹೋಗುವ ಭವಿಷ್ಯ ನಿಧಿಗೆ ಬದಲಾಗಿ ಒಂದು ಉಳಿತಾಯ, ಮರಳಿದ ಮೇಲೆ ಕೆಲಸ ಸಿಗುವ ತನಕ ಆರು ತಿಂಗಳ ಖರ್ಚು ಇವಿಷ್ಟನ್ನೂ ಸೇರಿಸಿ ಲೆಕ್ಕ ಹಾಕಿ. ಕಾನೂನಿನ ಕಡೆಗೂ ಗಮನವಿರಲಿ. ನಿವಾಸಿ ವ್ಯಕ್ತಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದ್ದರಿಂದ ಬೆಂಬಲಿಗರು ವೈಯಕ್ತಿಕವಾಗಿ ಕೊಡುವುದಕ್ಕೆ ಅಡ್ಡಿಯಿಲ್ಲ. ತೆರಿಗೆ ವಿನಾಯಿತಿ ಪಡೆದ ಸಭೆಯ ಟ್ರಸ್ಟ್ ತನ್ನ ಆದಾಯವನ್ನು ಭಾರತದ ಹೊರಗೆ ವಿನಿಯೋಗಿಸಿದರೆ ಮಾತ್ರ, ವಿಶೇಷ ಅನುಮತಿ ಇಲ್ಲದಿದ್ದಲ್ಲಿ ಆ ಮೊತ್ತಕ್ಕೆ ವಿನಾಯಿತಿ ತಪ್ಪುತ್ತದೆ. ಸಭೆಯ ಖಜಾಂಚಿಗಳಿಗೆ ಇದು ಎಷ್ಟೋ ಸಲ ತಿಳಿದಿರುವುದಿಲ್ಲ. ಲೆಕ್ಕ ಪರಿಶೋಧಕರನ್ನು ಮೊದಲೇ ಕೇಳಿ. ವಿದೇಶದ ಗೆಳೆಯರು ಕೊಡುವ ಹಣ ನೇರವಾಗಿ ಅಲ್ಲಿನ ಮಿಷನ್ ಖಾತೆಗೆ ಹೋಗಲಿ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದ ಸಭೆಯ ಖಾತೆಗೆ ಅದು ಬರಕೂಡದು. ಒಬ್ಬರೇ ಅರ್ಜಿ ಹಾಕುವುದಕ್ಕಿಂತ ಕಳಿಸುವ ಸಂಸ್ಥೆಯೊಂದರ ಮೂಲಕ ಹೋಗುವುದು ಕ್ಷೇಮ. 1965ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ಕೇಂದ್ರವಿರುವ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್ನಿನಂಥವರನ್ನು ವಿಚಾರಿಸಿ ನೋಡಬಹುದು.

ಧಾರ್ಮಿಕ ಮತ್ತು ದತ್ತಿ ಸೇವೆಗೆ ಕೀನ್ಯಾದಲ್ಲಿ 'ಐ' (I) ವರ್ಗದ ಪರವಾನಗಿ ಇದೆ. ಅದಕ್ಕೆ ಅರ್ಜಿ ಹಾಕಬೇಕಾದವರು ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆಯವರು. ಪ್ರವಾಸಿಯಾಗಿ ಬನ್ನಿ, ಆಮೇಲೆ ನೋಡೋಣ ಎಂದು ಯಾರಾದರೂ ಹೇಳಿದರೆ ಹೊರಡಬೇಡಿ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಭಾರತಕ್ಕೆ ಮರಳುವಾಗ ಬೇಕು, ಲಸಿಕೆ ಹಾಕಿಸಿದ ಹತ್ತು ದಿನಗಳ ಮೇಲಷ್ಟೇ ಅದು ಊರ್ಜಿತ. ಪೊಲೀಸ್ ಪ್ರಮಾಣಪತ್ರವನ್ನೂ, ಮಕ್ಕಳ ರಕ್ಷಣೆಯ ತರಬೇತಿಯನ್ನೂ ಶಾಲೆ ಕೇಳಬೇಕು; ಕೇಳದಿದ್ದರೆ ಅದೇ ಆ ಶಾಲೆಯ ಬಗ್ಗೆ ಒಂದು ಎಚ್ಚರಿಕೆ. ಪಶ್ಚಿಮ ಆಫ್ರಿಕದ ಗಿನಿಯ ಮಾಮೂ ಎಂಬಲ್ಲಿದ್ದ ಮಿಷನರಿ ಮಕ್ಕಳ ವಸತಿಶಾಲೆಯಲ್ಲಿ ದಶಕಗಳ ಹಿಂದೆ ನಡೆದ ದೌರ್ಜನ್ಯಗಳನ್ನು ಸ್ವತಂತ್ರ ಆಯೋಗವೊಂದು 1990ರ ದಶಕದ ಕೊನೆಯಲ್ಲಿ ತನ್ನ ವರದಿಯಲ್ಲಿ ದಾಖಲಿಸಿತು. ಅಲ್ಲಿ ಓದಿದವರು ಬೆಳೆದು ದೊಡ್ಡವರಾದ ಮೇಲೆ ತಾವೇ ಹೋರಾಡಿ ಆ ವಿಚಾರಣೆ ನಡೆಯುವಂತೆ ಮಾಡಿದ್ದರು. ಗ್ರಂಥಾಲಯದ ಬಾಗಿಲಿಗೆ ಗಾಜಿರಲಿ, ಒಂದು ಮಗುವಿನೊಡನೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ.

ಭಾರತೀಯಳಾಗಿ ಅಲ್ಲಿರುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಬಂದ ವಾರದಲ್ಲೇ ಅನುಭವಕ್ಕೆ ಬರುತ್ತದೆ. 1896ರಿಂದ 1901ರ ವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲುಹಳಿ ಹಾಸಲು ಸುಮಾರು 32,000 ಭಾರತೀಯ ಕೂಲಿಗಳನ್ನು ಒಯ್ದಿದ್ದರು. ಆ ಹಳಿ ಕಿಜಾಬೆಯ ಮೂಲಕವೇ ಹೋಗುತ್ತದೆ. ಏಷ್ಯಾ ಮೂಲದವರನ್ನು ಕೀನ್ಯಾ 2017ರಲ್ಲಿ ತನ್ನ 44ನೇ ಬುಡಕಟ್ಟೆಂದು ಮಾನ್ಯ ಮಾಡಿದೆ. ಹೀಗಾಗಿ ಊರಿನವರು ನಿಮ್ಮನ್ನು 'ಮ್ಹಿಂದಿ' (ಸ್ವಾಹಿಲಿಯಲ್ಲಿ ಭಾರತೀಯ) ಎಂದು ಗುರುತಿಸಿ, ನಿಮ್ಮ ಅಂಗಡಿ ಯಾವ ಬೀದಿಯಲ್ಲಿದೆ ಎಂದು ಕೇಳುತ್ತಾರೆ. ಶಾಲೆಯೊಳಗಿನ ಅಮೆರಿಕನ್ನರಿಗೆ, ಭಾರತದಿಂದ ಮಿಷನರಿ ಬರುವುದೇ ಒಂದು ಅಚ್ಚರಿ. ಎರಡಕ್ಕೂ ನಕ್ಕುಬಿಡುವುದನ್ನು ಕಲಿತರೆ ಸಾಕು.

ಎಷ್ಟು ವರ್ಷ ಎಂಬುದಕ್ಕೆ ನನ್ನ ಉತ್ತರ ಎರಡು, ಮತ್ತು ಆ ಎರಡು ಮುಗಿಯುವ ಆರು ತಿಂಗಳ ಮೊದಲು ಮುಂದುವರಿಯುವ ಮಾತು. ಒಂದು ವರ್ಷಕ್ಕೆ ಹೋಗಬೇಡಿ, ಅದು ಮಕ್ಕಳಿಗೆ ಇನ್ನೊಂದು ಅಗಲಿಕೆಯಷ್ಟೇ ಆಗುತ್ತದೆ. ಐದು ವರ್ಷಕ್ಕೆ ಮೊದಲೇ ಸಹಿ ಹಾಕುವುದೂ ಬೇಡ. ಈಗಿರುವ ಶಾಲೆಯಿಂದ ವೇತನರಹಿತ ರಜೆಯ ಪತ್ರವನ್ನು, ಮರಳುವ ದಿನಾಂಕ ನಮೂದಿಸಿ, ಬರಹದಲ್ಲಿ ಪಡೆಯಿರಿ. ಕೀನ್ಯಾಕ್ಕೆ ಬರೆಯುವ ಮೊದಲು ಒಮ್ಮೆ ಕೊಡೈಕೆನಾಲಿನ ಶಾಲೆಗೆ ಪತ್ರ ಬರೆದು, ಅನುಮತಿ ಸಿಕ್ಕರೆ ಅಲ್ಲಿನ ಗ್ರಂಥಾಲಯದಲ್ಲಿ ಎರಡು ದಿನ ಕುಳಿತು ಬನ್ನಿ. ಧಾರವಾಡದಿಂದ ಒಂದು ರಾತ್ರಿಯ ಮೇಲೆ ಸ್ವಲ್ಪ ಹೆಚ್ಚಿನ ಪ್ರಯಾಣ, ಬಸ್ ಚಾರ್ಜು ಬಿಟ್ಟರೆ ಬೇರೆ ಖರ್ಚು ಹೆಚ್ಚಿಲ್ಲ.